ಹನ್ನೊಂದು ತಾಸಿನ ತ್ರಾಸು

ಹುನಗುಂದದ ತಹಶೀಲ್ದಾರ ಕಚೇರಿಯ ಎದುರಿಗೆ ಬೇವಿನ ಗಿಡದ ಕೆಳಗೆ ಮೇಜು ಹಾಕಿಕೊಂಡು ಕೂಡುವ ಅಮಾತೆಪ್ಪ, ಓದಿದವರ ಕಣ್ಣಲ್ಲಿ ನೀರು ಬರಿಸುವಂಥ ಅರ್ಜಿ ಬರೆಯುವುದಕ್ಕೆ ಹೆಸರಾದವನು. ಇಪ್ಪತ್ತೊಂಬತ್ತು ವರ್ಷದಿಂದ ಅವನು ಮಂದಿಯ ಕಷ್ಟ ಬರೆಯುತ್ತ ಬಂದಿದ್ದ. ಗೋಡೆ ಬಿದ್ದವರು, ಪಿಂಚಣಿ ನಿಂತವರು, ಹೊಲ ಹಿನ್ನೀರಿನಲ್ಲಿ ಮುಳುಗಿದವರು, ಎಲ್ಲರೂ ಅವನ ಎದುರಿಗೆ ಬಂದು ಕುಕ್ಕರುಗಾಲಲ್ಲಿ ಕೂಡುತ್ತಿದ್ದರು. ಅವರು "ಗ್ವಾಡಿ ಬಿತ್ರಿ" ಎಂದು ಎರಡೇ ಮಾತು ಹೇಳಿದರೆ ಸಾಕು, ಅಮಾತೆಪ್ಪನ ಪೆನ್ನು "ಸದರಿ ಗೋಡೆಯು ನಸುಕಿನ ಜಾವದಲ್ಲಿ ಭೀಕರ ಶಬ್ದದೊಂದಿಗೆ ನೆಲಕಚ್ಚಿ, ನಾನು ಮಡದಿ ಮಕ್ಕಳೊಂದಿಗೆ ಆಕಾಶವನ್ನೇ ಹೊದ್ದು" ಎಂದು ಹರಿಯುತ್ತಿತ್ತು. ಒಮ್ಮೆ ಎಮ್ಮೆ ಸತ್ತ ರೈತನೊಬ್ಬನಿಗೆ ಅರ್ಜಿ ಬರೆದು ಓದಿ ಹೇಳಿದಾಗ ಆತ ಕಣ್ಣೊರೆಸಿಕೊಂಡು, "ನನ್ನ ಎಮ್ಮಿ ಇಷ್ಟು ಛಲೋ ಇತ್ತೇನ್ರಿ?" ಎಂದು ಕೇಳಿದ್ದ.

ಇಂಥ ಅಮಾತೆಪ್ಪ ಹೋದ ತಿಂಗಳು ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿದ. ಹೆಂಡತಿ ಶಿವಲಿಂಗವ್ವನ ತಂಗಿ ಮಹೇಶ್ವರಿ ದಿಲ್ಲಿಯಲ್ಲಿದ್ದಾಳೆ. ಅವಳ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಗಂಡ ಹೆಂಡತಿ ರೈಲಿನಲ್ಲಿ ಹೋಗುವುದು, ಮರಳುವಾಗ ಮಹೇಶ್ವರಿಯ ಒತ್ತಾಯಕ್ಕೆ ಹುಬ್ಬಳ್ಳಿಯವರೆಗೆ ವಿಮಾನದಲ್ಲಿ ಬರುವುದೆಂದು ಠರಾವಾಯಿತು. ಟಿಕೆಟ್ ತೆಗೆಸಿಕೊಟ್ಟವನು ವಿಜಯಮಹಾಂತೇಶ. ಅದೇ ಬೇವಿನ ಗಿಡದ ಮಗ್ಗುಲಿಗೆ ಆನ್‌ಲೈನ್ ಸೆಂಟರ್ ಇಟ್ಟುಕೊಂಡ ತರುಣ. ಅಮಾತೆಪ್ಪ ಪೆನ್ನಿನಿಂದ ಮಾಡುವ ಕೆಲಸವನ್ನೇ ಅವನು ಕಂಪ್ಯೂಟರಿನಿಂದ ಮಾಡುತ್ತಿದ್ದುದರಿಂದ ಇಬ್ಬರ ನಡುವೆ ಪ್ರೀತಿಯೂ ಇತ್ತು, ಸಣ್ಣ ಮುನಿಸೂ ಇತ್ತು.

ಹೋಗುವ ಮುಂಚೆ ಅಮಾತೆಪ್ಪ ಮುರ್ತುಜಸಾಬನ ಚಹಾದಂಗಡಿಯ ಬಾಕಿನ ಮೇಲೆ ಕೂತು ಒಂದು ಭಾಷಣವನ್ನೇ ಮಾಡಿದ್ದ.

"ವಿಮಾನ ಅಂದ್ರ ನಮ್ಮ ಇಳಕಲ್ ಬಸ್ಸಲ್ಲೋ ಸಾಹೇಬಾ. ಎಂಟಕ್ಕ ಅಂದ್ರ ಎಂಟಕ್ಕ. ಎಂಟೂ ಒಂದಕ್ಕ ನೀ ಹೋಗಿ ಕೈ ಮಾಡಿದರ ಅದು ಮೋಡದಾಗ ಇರತೈತಿ."

ಹೀಗೆ ಹೇಳಿ ಹೋದವನಿಗೆ ದಿಲ್ಲಿಯಲ್ಲಿ ಆದದ್ದೇ ಬೇರೆ. ಬೆಳಗಿನ ಎಂಟರ ವಿಮಾನ ರದ್ದಾಯಿತು. ಕಾರಣ ಯಾರೂ ಹೇಳಲಿಲ್ಲ. ಸಂಜೆ ಏಳರ ವಿಮಾನಕ್ಕೆ ಬದಲಿ ಚೀಟಿ ಕೊಟ್ಟು ಕೂಡಿಸಿದರು. ಊರಿಗೆ ಮರಳಿದ ಅಮಾತೆಪ್ಪ ಈ ಸಂಗತಿಯನ್ನು ನುಂಗಿಬಿಟ್ಟ. ಮುರ್ತುಜಸಾಬ ಕೇಳಿದಾಗ, "ಎಂಟಕ್ಕ ಅಂದ್ರ ಎಂಟಕ್ಕ ಎದ್ದು ಹೊಂಟಿತು" ಎಂದು ಗಂಭೀರವಾಗಿ ಹೇಳಿ ಚಹಾ ಕುಡಿದ. ಶಿವಲಿಂಗವ್ವನಿಗೂ ಯಾರ ಮುಂದೂ ಬಾಯಿ ಬಿಡಬಾರದೆಂದು ಹೇಳಿದ. ಆಕೆ ಯಾರಿಗೂ ಹೇಳಲಿಲ್ಲ. ಮಗ್ಗುಲ ಮನೆಯ ಸಿದ್ದವ್ವನಿಗೆ ಮಾತ್ರ ಹೇಳಿದಳು. ಸಿದ್ದವ್ವನಿಗೆ ಹೇಳುವುದು ಹೇಳಿದ ಲೆಕ್ಕಕ್ಕೆ ಬರುವುದಿಲ್ಲವೆಂದು ಆಕೆಯ ನಂಬಿಕೆ. ಅದು ಖರೆಯೂ ಆಗಿತ್ತು, ಸಿದ್ದವ್ವ ಗುಟ್ಟು ಬಿಡುವ ಹೆಂಗಸಲ್ಲ.

ಹಾಗಾದರೆ ಗುಟ್ಟು ಬಿಟ್ಟುಕೊಟ್ಟದ್ದು ಯಾರು ಎಂದರೆ, ಮೊಬೈಲು. ಟಿಕೆಟ್ಟಿಗೆ ವಿಜಯಮಹಾಂತೇಶ ತನ್ನ ನಂಬರನ್ನೇ ಕೊಟ್ಟಿದ್ದ. ಒಂದು ಮುಂಜಾನೆ ಅವನು ಅಮಾತೆಪ್ಪನ ಮೇಜಿನ ಮುಂದೆ ಬಂದು ನಿಂತ.

"ಕಾಕಾ, ನಿಮಗ ಪರಿಹಾರ ಬರತೈತಿ."

ಅಮಾತೆಪ್ಪ ಪೆನ್ನಿನ ಟೊಪ್ಪಿಗೆ ಮುಚ್ಚಿದ. "ಎದರದ್ದು? ನಮ್ಮ ಹೊಲ ಮುಳುಗಿಲ್ಲ."

"ಹೊಲದ್ದಲ್ರಿ, ವಿಮಾನದ್ದು! ನಿಮ್ಮ ವಿಮಾನ ಕ್ಯಾನ್ಸಲ್ ಆಗಿತ್ತಲ್ಲ. ಎಂಟಕ್ಕ ಏಳೋ ವಿಮಾನ ರದ್ದಾಗೇತಿ ಅಂತ ಎಂಟೂ ಹತ್ತಕ್ಕ ನನಗ ಮೆಸೇಜ್ ಬಂದಿತ್ತು."

"ಏ, ಸಣ್ಣಗ ಮಾತಾಡೋ!"

ವಿಜಯಮಹಾಂತೇಶ ಸಣ್ಣಗೆ ಮಾತಾಡಿದ. ಗಗನನ್ಯಾಯ ಎಂಬ ಒಂದು ಕಂಪನಿ ಇದೆ. ವಕೀಲರದೇ ಕಂಪನಿ, ಆದರೆ ಕರಿ ಕೋಟಿಲ್ಲ, ಕಟಕಟೆಯಿಲ್ಲ, ಎಲ್ಲವೂ ಮೊಬೈಲಿನಲ್ಲೇ. ಟಿಕೆಟ್ಟಿನ ನಂಬರು ಹಾಕಿದರೆ ಆ ವಿಮಾನ ಯಾವಾಗ ಏರಬೇಕಿತ್ತು, ಯಾಕೆ ಏರಲಿಲ್ಲ, ಅವತ್ತು ಮಂಜು ಇತ್ತೋ ಇಲ್ಲವೋ ಎಂಬುದನ್ನೆಲ್ಲ ಅವರ ಯಂತ್ರವೇ ಹುಡುಕಿ ತೆಗೆಯುತ್ತದೆ. ವಿಮಾನದವರ ಸಂಗಡ ಅವರೇ ಜಗಳಾಡುತ್ತಾರೆ. ಗೆದ್ದರೆ ತಮ್ಮ ಪಾಲು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ.

"ಸೋತರ?"

"ಸೋತರ ನೀವೇನೂ ಕೊಡಬೇಕಾಗಿಲ್ರಿ."

"ಸೋತರ ರೊಕ್ಕ ಕೇಳಂಗಿಲ್ಲ ಅಂದ್ರ ಅಂವ ಎಂಥಾ ವಕೀಲೋ?" ಎಂದು ಅಮಾತೆಪ್ಪ ಸಂಶಯದಿಂದ ನೋಡಿದ. ಆದರೆ ವಿಜಯಮಹಾಂತೇಶ ತೋರಿಸಿದ ಪರದೆಯ ಕೊನೆಯಲ್ಲಿ ಒಂದು ಖಾನೆ ಅವನ ಕಣ್ಣಿಗೆ ಬಿತ್ತು. 'ನೀವು ಅನುಭವಿಸಿದ ತೊಂದರೆಗಳನ್ನು ವಿವರಿಸಿ' ಎಂದಿತ್ತು. ಇಪ್ಪತ್ತೊಂಬತ್ತು ವರ್ಷ ಮಂದಿಯ ತೊಂದರೆ ವಿವರಿಸಿದವನಿಗೆ ಅವನದೇ ತೊಂದರೆಯನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಅಮಾತೆಪ್ಪ ಹೊಸ ಪೆನ್ನು ತೆಗೆದ. "ಇದನ್ನ ನಾ ಹಾಳ್ಯಾಗ ಬರದು ಕೊಡತೇನಿ. ನೀ ಬರೇ ಟೈಪ್ ಮಾಡು. ಒಂದಕ್ಷರ ತಿದ್ದಬ್ಯಾಡ."

ಅವರಿಬ್ಬರೂ ಮಾತಾಡುವಾಗ ಚಹಾ ತಂದಿಟ್ಟು ಹೋದವನು ಮುರ್ತುಜಸಾಬ. ಅವನ ಕಿವಿಗೆ ಬಿದ್ದದ್ದು ಎರಡೇ ಮಾತು, 'ವಿಮಾನ' ಮತ್ತು 'ಪರಿಹಾರ'. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಪರಿಹಾರ ಎಂಬ ಮಾತನ್ನು ಯಾರೂ ಸುಮ್ಮನೆ ಆಡುವುದಿಲ್ಲ. ಒಂದೋ ಊರು ಮುಳುಗಿರಬೇಕು, ಇಲ್ಲವೇ ಮನುಷ್ಯ ಹೋಗಿರಬೇಕು. ವಿಮಾನ ಮುಳುಗುವ ವಸ್ತುವಲ್ಲ. ಮುರ್ತುಜಸಾಬ ಯೋಚನೆ ಮಾಡುತ್ತ ಅಂಗಡಿಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಅಮಾತೆಪ್ಪ ಕೂತಿದ್ದ ವಿಮಾನದ ಗಾಲಿ ಕಳಚಿತ್ತು. ಮೂರು ಗಂಟೆಗೆ ಅದು ಯಾವುದೋ ಕಬ್ಬಿನ ಹೊಲದಲ್ಲಿ ಇಳಿಯಿತು. ಇಳಕಲ್ಲಿನ ಬಸ್ಸು ಈ ಸುದ್ದಿಯನ್ನು ಇಳಕಲ್ಲಿಗೆ ಮುಟ್ಟಿಸುವಷ್ಟರಲ್ಲಿ ರೆಕ್ಕೆಗೆ ಬೆಂಕಿ ಹತ್ತಿತ್ತು.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಬೇವೂರಿನಿಂದ ಶಿವಲಿಂಗವ್ವನ ಅಣ್ಣ ಹುಲ್ಲಪ್ಪ ಬಂದಿಳಿದ. ಓಣಿಯ ತುದಿಯಿಂದಲೇ ಅಳುತ್ತ ಬಂದ. ಶಿವಲಿಂಗವ್ವ ಪಡಸಾಲೆಯಲ್ಲಿ ಜೋಳ ಕೇರುತ್ತ ಕೂತಿದ್ದಳು.

"ತಂಗೀ! ಅರಾಮ ಅದೀಯೇನ?"

"ಅರಾಮ ಅದೀನಿ. ಯಾಕಣ್ಣಾ, ಏನಾತು?"

"ವಿಮಾನ ಬಿತ್ತಂತಲ್ಲ!"

"ಅಯ್ಯ, ಯಾವಾಗ?"

"ಅದರಾಗ ಕುಂತಾಕಿ ನೀನು, ನನ್ನ ಕೇಳತೀಯಲ್ಲ!"

ಅಷ್ಟರಲ್ಲಿ ಅಂಗಳದಲ್ಲಿ ಹತ್ತು ಮಂದಿ ಕೂಡಿದರು. ಮುರ್ತುಜಸಾಬ ಕೆಟಲಿ ಸಮೇತ ಬಂದ, ಅವನ ಹಿಂದೆ ವಿಜಯಮಹಾಂತೇಶನೂ ಬಂದ. ಸಿದ್ದವ್ವ ಬಂದು ಬಾಗಿಲಿಗೆ ಆತು ನಿಂತಳು. ಕಡೆಗೆ ಊರಿನ ಕಂದಾಯದ ಲೆಕ್ಕ ನೋಡುವ ತಲಾಟಿಯವರೂ ಮೋಟಾರ್ ಸೈಕಲ್ ನಿಲ್ಲಿಸಿ ಒಳಗೆ ಬಂದರು. ಕಾಗದದ ಮೇಲೆ ಪೆನ್ನಿಟ್ಟುಕೊಂಡೇ ಬಂದಿದ್ದರು.

"ಅಮಾತೆಪ್ಪಾವ್ರ, ಒಂದ ಮಾತು ಹೇಳಿಬಿಡ್ರಿ. ವಿಮಾನ ನಮ್ಮ ತಾಲೂಕಿನಾಗ ಬಿದ್ದೈತೋ, ಬಾದಾಮಿ ತಾಲೂಕಿನಾಗೋ? ನಮ್ಮಲ್ಲೆ ಬಿದ್ದಿದ್ದರ ನಾ ಪಂಚನಾಮೆ ಮಾಡಬೇಕಾಗತೈತಿ. ಬಾದಾಮಿ ಕಡೆ ಬಿದ್ದಿದ್ದರ ಭಾಳ ಉಪಕಾರ ಆತು."

ಅಮಾತೆಪ್ಪನಿಗೆ ಬೇರೆ ದಾರಿ ಉಳಿಯಲಿಲ್ಲ. ಎಲ್ಲರನ್ನೂ ಕೂಡಿಸಿ, ವಿಮಾನ ಬಿದ್ದಿಲ್ಲ, ಬೀಳಬೇಕಾದರೆ ಮೊದಲು ಏರಬೇಕು, ಅದು ಏರಲೇ ಇಲ್ಲ, ರದ್ದಾಯಿತು, ತಾವು ಹನ್ನೊಂದು ತಾಸು ಅಲ್ಲೇ ಕೂತಿದ್ದೆವು ಎಂದು ಒಪ್ಪಿಕೊಂಡ. ತಲಾಟಿಯವರು ಸಮಾಧಾನದಿಂದ ಪೆನ್ನು ಜೇಬಿಗಿಟ್ಟರು. ಆಮೇಲೆ ಮುರ್ತುಜಸಾಬ ಗಂಟಲು ಸರಿಮಾಡಿಕೊಂಡ.

"ಹನ್ನೊಂದು ತಾಸು. ನಮ್ಮ ಇಳಕಲ್ ಬಸ್ಸು ಎಷ್ಟ ತಡ ಮಾಡಿದರೂ ಮುಕ್ಕಾಲು ತಾಸಿನ ಮ್ಯಾಲ ಮಾಡಿಲ್ಲ, ಅಲ್ರಿ?"

ಎಲ್ಲರೂ ನಕ್ಕರು. ಅಮಾತೆಪ್ಪನ ಕಿವಿ ಕೆಂಪಾದವು. ಆ ನಗುವಿನಿಂದ ತಪ್ಪಿಸಿಕೊಳ್ಳಲು ಅವನಿಗೆ ಗೊತ್ತಿದ್ದದ್ದು ಒಂದೇ ಉಪಾಯ. ಜೇಬಿನಿಂದ ನಿನ್ನೆ ಬರೆದಿದ್ದ ಹಾಳೆ ತೆಗೆದ.

"ನಗ್ರಿ, ನಗ್ರಿ. ಅಲ್ಲೆ ಏನ ಅನುಭವಿಸೀವಿ ಅನ್ನೋದು ನಿಮಗೇನ ಗೊತ್ತು? ಕೇಳ್ರಿ ಇಲ್ಲೆ."

ಮತ್ತು ಓದತೊಡಗಿದ. "ಮಾನ್ಯರೇ, ಸದರಿ ದಿನ ಬೆಳಗಿನ ಎಂಟು ಗಂಟೆಯಿಂದ ಸಂಜೆ ಏಳು ಗಂಟೆಯ ಪರ್ಯಂತ ನಾನು ಮತ್ತು ನನ್ನ ವಯೋವೃದ್ಧ ಪತ್ನಿಯು ಭಾಷೆ ತಿಳಿಯದ ಪರಸ್ಥಳದಲ್ಲಿ, ಕಬ್ಬಿಣದ ಕುರ್ಚಿಗಳ ಮೇಲೆ, ಅನ್ನ ನೀರಿನ ಆಸೆಯನ್ನೇ ತೊರೆದು, ದಿಕ್ಕುಗಾಣದೆ..."

ನಗು ನಿಂತಿತು. ಹುಲ್ಲಪ್ಪ ಆಗಲೇ ಅಳುವುದಕ್ಕೆ ತಯಾರಾಗಿಯೇ ಬಂದಿದ್ದರಿಂದ ತಡಮಾಡಲಿಲ್ಲ. "ಮಾವಾರ, ತಂಗೀದು ಮೊಣಕಾಲು ಹಿಡಕೊಂಡಿತ್ತಂತ ಬರೀರಿ" ಎಂದ. ಅಮಾತೆಪ್ಪ ಬರೆದ. "ಬಿಪಿ ಗುಳಗಿ ಪೆಟ್ಟಿಗ್ಯಾಗ ಉಳಿದಿತ್ತಂತ ಹಾಕ್ರಿ" ಎಂದರು ತಲಾಟಿಯವರು. ಅಮಾತೆಪ್ಪನಿಗೂ ಶಿವಲಿಂಗವ್ವನಿಗೂ ಬಿಪಿ ಇರಲಿಲ್ಲ, ಆದರೂ ಹಾಕಿದ. "ಅಲ್ಲೆ ಚಾ ಎಷ್ಟಕ್ಕೊಂದು ಕೊಡತಾರಂತ ಬರೀರಿ, ಅದು ಖರೆ ತ್ರಾಸು" ಎಂದ ಮುರ್ತುಜಸಾಬ. ಅದನ್ನೂ ಬರೆದ. ಮಂದಿ ಹುರುಪಾದಷ್ಟೂ ಅಮಾತೆಪ್ಪನ ಧ್ವನಿ ಏರಿತು. ಶಿವಲಿಂಗವ್ವ ಚಹಾದ ಕಪ್ಪುಗಳ ತಾಟು ಹಿಡಿದು ಅಡಿಗೆಮನೆಯಿಂದ ಬಂದದ್ದನ್ನು ಅವನು ನೋಡಲಿಲ್ಲ.

"ಒಟ್ಟಿನಲ್ಲಿ ಹೇಳುವುದಾದರೆ, ಸದರಿ ಪತ್ನಿಯೊಂದಿಗೆ ಒಂದೇ ಸ್ಥಳದಲ್ಲಿ ಕಳೆದ ಆ ಹನ್ನೊಂದು ತಾಸುಗಳು ಸಾಕ್ಷಾತ್ ನರಕಯಾತನೆಯೇ ಆಗಿದ್ದು, ನನ್ನ ಜೀವಮಾನದಲ್ಲಿ ಇದಕ್ಕಿಂತ ಕೆಟ್ಟ ದಿನವನ್ನು ನಾನು ಕಂಡಿರುವುದಿಲ್ಲ."

"ವಾಹ್" ಎಂದ ಮುರ್ತುಜಸಾಬ.

ಶಿವಲಿಂಗವ್ವ ತಾಟನ್ನು ನೆಲದ ಮೇಲಿಟ್ಟಳು. ಯಾರಿಗೂ ಕೈಗೆ ಕೊಡಲಿಲ್ಲ. ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಸಿದ್ದವ್ವ ಅಮಾತೆಪ್ಪನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಚಹಾ ಮುಟ್ಟದೆ ಎದ್ದು ಹೋದಳು. ಇದೊಂದೂ ಅಮಾತೆಪ್ಪನ ಲಕ್ಷ್ಯಕ್ಕೆ ಬರಲಿಲ್ಲ. ಅವನು ಹಾಳೆಯನ್ನು ವಿಜಯಮಹಾಂತೇಶನಿಗೆ ಕೊಟ್ಟು, ಯುದ್ಧ ಗೆದ್ದವನಂತೆ ಎದೆ ಸೆಟೆಸಿ ಕೂತಿದ್ದ.

ಆ ದಿನದಿಂದ ಶಿವಲಿಂಗವ್ವ ಮಾತು ಬಿಟ್ಟಳು. ಜಗಳವಿಲ್ಲ, ಪಾತ್ರೆ ಕುಕ್ಕುವುದಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ, ಪಲ್ಯ, ಮೊಸರು. ಏನು ಕೇಳಿದರೂ "ಹ್ಞೂ". ಅಮಾತೆಪ್ಪ ಮೊದಲು ಆಕೆಗೆ ನೆಗಡಿಯಾಗಿದೆ ಎಂದುಕೊಂಡು ಗುಳಿಗೆ ತಂದ. ಆಕೆ "ಹ್ಞೂ" ಎಂದು ಅದನ್ನು ಗೂಡಿನಲ್ಲಿಟ್ಟಳು. ಎರಡನೆಯ ದಿನ ಅವನಿಗೆ ಥಟ್ಟನೆ ಹೊಳೆಯಿತು. ಆಕೆಗೆ ಐವತ್ತೊಂದು ವರ್ಷ; ತಾನು ವಯೋವೃದ್ಧ ಎಂದು ಬರೆದುಬಿಟ್ಟೆ! ಕೂಡಲೇ ನಕಲು ತೆಗೆದು, 'ವಯೋವೃದ್ಧ' ಹೊಡೆದು 'ಮಧ್ಯವಯಸ್ಕ' ಎಂದು ಮಾಡಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು ಓದಿದ.

"ಹ್ಞೂ" ಎಂದಳು ಶಿವಲಿಂಗವ್ವ.

ಮೂರನೆಯ ದಿನ 'ಯುವ ಪತ್ನಿಯು' ಎಂದು ತಿದ್ದಿ ಓದಿದ. ಆಕೆ ಈ ಸಲ ಹ್ಞೂ ಕೂಡ ಅನ್ನಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅವನು ಕಚೇರಿಗೆ ಹೊರಟಾಗ ಸಿದ್ದವ್ವ ತನ್ನ ಅಂಗಳಕ್ಕೆ ನೀರು ಹಾಕುತ್ತಿದ್ದಳು. ಚೆಂಬನ್ನು ಕೆಳಗಿಟ್ಟು ಕರೆದಳು.

"ಅಮಾತೆಪ್ಪಣ್ಣಾ, ನಿಂದ್ರು. ಒಂದ ಮಾತು ಕೇಳತೇನಿ. ಆ ಹಾಳಿ ಆಕೀ ಮುಂದ ಯಾಕ ಓದಿದಿ?"

"ಎಲ್ಲಾರ ಮುಂದ ಓದಿದ್ನೆವಾ. ಯಾಕ?"

"ಅದನ್ನ ಹೇಳೋದು ನಾನೂ. ಎಲ್ಲಾರ ಮುಂದ ಓದಿದಿ." ಸಿದ್ದವ್ವ ಸೊಂಟದ ಮೇಲೆ ಕೈಯಿಟ್ಟಳು. "ಅಲ್ಲೋ ಅಣ್ಣಾ, ದಿಲ್ಲಿಯಿಂದ ಬಂದಾಗಿಂದ ಆ ಒಂದ ದಿನದ್ದು ನನಗ ಹದಿನೈದು ಸಲ ಹೇಳ್ಯಾಳ. ನನಗ ಬಾಯಿಪಾಠ ಆಗೇತಿ. ಅಲ್ಲೆ ನೆಲಾನ ನಡೀತೈತಂತ. ಆಕಿ ಅಂಜಿ ನಿಂತಾಗ ನೀ ಕೈ ಹಿಡಕೊಂಡು ಹತ್ತಿಸಿದೆಂತ. ಇನ್ನೊಮ್ಮಿ ಹೋಗೂಣ್ರಿ ಅಂದ್ರ ಇನ್ನೊಮ್ಮಿ, ಮತ್ತೊಮ್ಮಿ ಅಂದ್ರ ಮತ್ತೊಮ್ಮಿ. ಬುತ್ತಿ ಬಿಚ್ಚಿ ರೊಟ್ಟಿ ಶೇಂಗಾ ಚಟ್ನಿ ಒಂದ ತಾಟಿನಾಗ ತಿಂದ್ರೆಂತ. ಆಕಿ ನಿನ್ನ ಹೆಗಲ ಮ್ಯಾಲ ತಲಿಯಿಟ್ಟು ಮಲಗಿದಾಗ ಎಚ್ಚರಾದೀತಂತ ನೀ ಕೈ ಸುದ್ದಾ ಅಲಗಿಸಲಿಲ್ಲಂತ. ಆ ಇಡೀ ದಿನದಾಗ ನೀ ಒಮ್ಮೀನೂ 'ಏ, ಚಾ ತಾ' ಅಂತ ಒದರಲಿಲ್ಲಂತ. 'ಮದಿವ್ಯಾಗಿ ಮೂವತ್ತೊಂದು ವರ್ಷ ಆತು ಸಿದ್ದವ್ವಾ, ಅಷ್ಟ ಹೊತ್ತು ಅವರು ಬರೇ ನನ್ನ ಜೋಡಿ ಕುಂತಿದ್ದು ಅವತ್ತ ಒಂದ ದಿನಾ' ಅಂತ ಹೇಳಿ ಕಣ್ಣಾಗ ನೀರು ತರತಿದ್ಲು. ನೀ ಅದನ್ನ ನರಕಾ ಅಂತ ಬರದಿ. ಬರದದ್ದ ಅಲ್ಲದ ಊರಿಗೆಲ್ಲ ಓದಿ ಹೇಳಿದಿ."

ಅಮಾತೆಪ್ಪ ಏನೋ ಹೇಳಲು ಬಾಯಿ ತೆರೆದ. ಬಂದದ್ದು, "ಅದು ಅರ್ಜಿಯವಾ, ಅರ್ಜಿಯಾಗ ಹಂಗ ಬರೀಬೇಕಾಗತೈತಿ" ಎಂಬ ಸಣ್ಣ ಮಾತು.

"ನನಗ ಹೇಳಬ್ಯಾಡ" ಎಂದು ಸಿದ್ದವ್ವ ಚೆಂಬು ಎತ್ತಿಕೊಂಡಳು. ಉಳಿದ ನೀರು ಅವನ ಕಾಲಿನ ಹತ್ತಿರಕ್ಕೇ ಬಂದು ಬಿತ್ತು.

ಅಮಾತೆಪ್ಪ ಕಚೇರಿಗೆ ಹೋಗಲಿಲ್ಲ. ಓಣಿಯ ತಿರುವಿನವರೆಗೆ ಹೋಗಿ, ಅಲ್ಲಿ ಸುಮ್ಮನೆ ನಿಂತು, ಮನೆಗೆ ತಿರುಗಿದ. ದಾರಿಯುದ್ದಕ್ಕೂ ಒಂದು ಮಾತು ಜೋಡಿಸುತ್ತ ಬಂದ. 'ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ' ಎಂದು ಶುರುವಾಯಿತು. ಬಿಟ್ಟ. 'ನನ್ನಿಂದ ಆದ ಪ್ರಮಾದಕ್ಕೆ' ಎಂದಿತು ನಾಲಿಗೆ. ಅದನ್ನೂ ಬಿಟ್ಟ. ಮನೆ ಬಂತು, ಮಾತು ಬರಲಿಲ್ಲ.

ಬರುವುದಕ್ಕೆ ಆಸ್ಪದವೂ ಇರಲಿಲ್ಲ. ಪಡಸಾಲೆ ಮತ್ತೆ ತುಂಬಿತ್ತು. ಕಂಪನಿಯಿಂದ ಹನ್ನೊಂದಕ್ಕೆ ಫೋನು ಬರುತ್ತದೆಂದು ವಿಜಯಮಹಾಂತೇಶ ಬಂದಿದ್ದ. ಅವನು ಬಂದದ್ದನ್ನು ಕಂಡು ಮುರ್ತುಜಸಾಬ ಬಂದಿದ್ದ. ಹುಲ್ಲಪ್ಪ ಅಂತೂ ಬೇವೂರಿನಿಂದ ಮತ್ತೆ ಬಂದು, ತಂಗಿಯ ಮೊಣಕಾಲಿಗೆಂದು ಎಣ್ಣೆ ಬೇರೆ ತಂದಿದ್ದ. ಸಿದ್ದವ್ವ ಯಾರನ್ನೂ ನೋಡದೆ ಒಳಗೆ ಹೋಗಿ ಶಿವಲಿಂಗವ್ವನ ಪಕ್ಕದಲ್ಲಿ ನಿಂತಳು. ಸರಿಯಾಗಿ ಹನ್ನೊಂದಕ್ಕೆ ಫೋನು ಬಡಿಯಿತು. ಎಲ್ಲರಿಗೂ ಕೇಳಲೆಂದು ವಿಜಯಮಹಾಂತೇಶ ಅದನ್ನು ಸ್ಪೀಕರಿಗೆ ಹಾಕಿ ಮಣೆಯ ಮೇಲಿಟ್ಟ.

"ನಮಸ್ಕಾರ್ರಿ, ನಾ ಶಹನಾಜ, ಗಗನನ್ಯಾಯದಿಂದ ಮಾತಾಡಾಕತ್ತೀನ್ರಿ. ಅಮಾತೆಪ್ಪಾವ್ರ ಅದಾರ್ರಿ?"

"ಅದೀನವಾ. ನಿನ್ನ ಮಾತು ನಮ್ಮ ಕಡೇದು ಇದ್ದಂಗೈತಲ್ಲ?"

"ಹೌದ್ರಿ, ನಮ್ಮದು ಇಳಕಲ್ಲ. ಕಾಕಾರ, ನಿಮ್ಮ ಅರ್ಜಿ ಓದಿದ್ನಿರಿ. ನಮ್ಮ ಆಫೀಸಿನಾಗ ಎಲ್ಲಾರಿಗೂ ಓದಿ ಹೇಳಿದ್ನಿ. ಇಬ್ಬರು ಅತ್ರು."

ಪಡಸಾಲೆಯಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಹುಲ್ಲಪ್ಪ ಅಮಾತೆಪ್ಪನ ಬೆನ್ನು ತಟ್ಟಿದ. ಬೇರೆ ದಿನವಾಗಿದ್ದರೆ ಅಮಾತೆಪ್ಪ ಆ ಮಾತಿನ ಮೇಲೆ ಒಂದು ವರ್ಷ ಬದುಕುತ್ತಿದ್ದ. ಅವತ್ತು ಅಡಿಗೆಮನೆಯ ಬಾಗಿಲನ್ನೇ ನೋಡುತ್ತಿದ್ದ.

"ಟಿಕೆಟ್‌ನಾಗ ಇಬ್ಬರ ಹೆಸರದಾವ್ರಿ. ಹಂಗಾಗಿ ಕಾಕೀ ಒಪ್ಪಿಗೀನೂ ಬೇಕು. ಅವರ ಕಡೆ ಒಂದೀಟು ಫೋನ್ ಕೊಡ್ತೀರೇನ್ರಿ?"

ಶಿವಲಿಂಗವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ಮಣೆಯ ಮುಂದೆ ಕೂತಳು.

"ಕಾಕೀ, ನಿಮ್ಮ ಯಜಮಾನ್ರು ಬರದದ್ದು ನಿಮಗ ಗೊತ್ತೈತ್ರಿ? ಅದೆಲ್ಲಾ ಖರೆ ಐತೇನ್ರಿ?"

ಎಲ್ಲರೂ ಆಕೆಯನ್ನು ನೋಡಿದರು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನನಗೇನ ತ್ರಾಸ ಆಗಲಿಲ್ಲ ಮಗಳಾ" ಎಂದಳು ಮೆಲ್ಲಗೆ. "ಆದರ ಅವರು ಬರದಾರಂದ್ರ ಅವರಿಗೆ ಆಗಿರಬೇಕು. ಅವರಿಗೆ ನರಕಾ ಅನ್ನಿಸಿತ್ತಂದ್ರ ಅನ್ನಿಸಿರಬೇಕು. ಜೋಡಿ ಕುಂತಾಕಿ ನಾನು. ನನಗ ತಿಳೀಲಿಲ್ಲ."

ಅಮಾತೆಪ್ಪ ಮುಂದೆ ಬಾಗಿ ಮಣೆಯನ್ನೇ ತನ್ನ ಕಡೆ ಎಳೆದುಕೊಂಡ.

"ತಂಗೀ ಶಹನಾಜಾ, ಆ ಅರ್ಜಿ ಹರದ ಒಗಿ."

"ಏನಂದ್ರಿ?"

"ಹರದ ಒಗಿ. ಅದರಾಗ ನಮ್ಮ ಹೆಸರು, ತಾರೀಖು ಬಿಟ್ಟರ ಮತ್ತೇನೂ ಖರೆ ಇಲ್ಲ."

"ಮಾವಾರ!" ಹುಲ್ಲಪ್ಪ ಎದ್ದೇ ನಿಂತ. "ತಲಿಗಿಲಿ ಕೆಟ್ಟೈತೇನ್ರಿ? ಬಂದ ಪರಿಹಾರ ಹೊಳ್ಳಿ ಕಳಸತೀರಲ್ಲ!" ವಿಜಯಮಹಾಂತೇಶ ಕಣ್ಣಲ್ಲೇ ಸನ್ನೆ ಮಾಡಿದ. ಮುರ್ತುಜಸಾಬ ಕೆಟಲಿ ಕೆಳಗಿಟ್ಟ. ಅಮಾತೆಪ್ಪ ಯಾರ ಕಡೆಗೂ ತಿರುಗಲಿಲ್ಲ.

"ಹಂಗಾರ ಖರೆ ಏನಾತು ಹೇಳ್ರಿ ಕಾಕಾ. ನಾ ಬರಕೋತೀನಿ."

"ಬರಕೊ. ಸದರಿ ದಿನ..." ಎಂದು ಶುರುಮಾಡಿ ಅಮಾತೆಪ್ಪ ನಿಂತ. ಊರಿನ ದೊಡ್ಡ ಅರ್ಜಿಬರಹಗಾರ ತನ್ನದೇ ಪಡಸಾಲೆಯಲ್ಲಿ ಶಬ್ದಕ್ಕಾಗಿ ತಡಕಾಡುವುದನ್ನು ಮಂದಿ ಬಾಯಿ ತೆರೆದು ನೋಡಿದರು. "ಸದರಿ ಬ್ಯಾಡ. ಅವತ್ತ. ಅವತ್ತ ಅಂತ ಬರಿ. ಅವತ್ತ ನಾವಿಬ್ಬರೂ ಅಲ್ಲೆ ಕುಂತಿದ್ವಿ. ನನ್ನ ಯಾರೂ ಕರೀಲಿಲ್ಲ, ಇಕೀನ ಯಾರೂ ಕರೀಲಿಲ್ಲ. ಇಕಿ ಮಾತಾಡಿದ್ಲು. ನಾ ಕೇಳಿದ್ನಿ. ಇಕಿಗೆ ಈಜು ಬರತೈತಂತ ನನಗ ಗೊತ್ತಾತು. ಮೂವತ್ತೊಂದು ವರ್ಷ ಆತು ನಾ ಇಕೀನ ಮದಿವ್ಯಾಗಿ. ದಿಲ್ಲಿಗೆ ಹೋಗಿ ಗೊತ್ತಾತು. ಇಕಿ ನಕ್ಕರ ಎಡಗಲ್ಲದಾಗ ಗುಳಿ ಬೀಳತೈತಿ, ಅದೂ ನೋಡಿದ್ನಿ. ಹೊಸಾದಲ್ಲ ಅದು, ಮೊದಲಿಂದಾನೂ ಇತ್ತಂತ. ಏನ ಬರದಿ?"

"ಬರದೀನ್ರಿ" ಎಂದಿತು ಫೋನು. ಧ್ವನಿ ಸಣ್ಣದಾಗಿತ್ತು. "ಗಲ್ಲದಾಗ ಗುಳಿ ಅಂತ ಬರದೀನಿ. ಅಂದ್ರ ಹನ್ನೊಂದು ತಾಸಿನಾಗ ನಿಮಗ ಒಂದೂ ತ್ರಾಸ ಆಗಲೇ ಇಲ್ಲೇನ್ರಿ?"

ಅಮಾತೆಪ್ಪ ಪ್ರಾಮಾಣಿಕವಾಗಿ ಯೋಚಿಸಿದ.

"ಆತು. ಒಂದ ಆತು. ಸಂಜಿಮುಂದ ಇಕಿ ಸಣ್ಣಾಕಿದ್ದಾಗಿನ ಮಾತೊಂದು ಹೇಳಾಕತ್ತಿದ್ಲು. ಚೊಳಚಗುಡ್ಡದಾಗ ಇಕಿ ಸೋದರಮಾವನ ಮನಿ. ಅಲ್ಲೆ ಬನಶಂಕರಿ ಹೊಂಡದ ಮೆಟ್ಟಲ ಮ್ಯಾಲ ಇಕಿ ನಿಂತಾಳ, ಕೆಳಗ ನೀರು, ಮಗ್ಗಲಕ ಇವರಣ್ಣ. ಇನ್ನೇನ ಮುಂದ ಹೇಳಬೇಕು, ಅಷ್ಟರಾಗ ಆ ಹಾಳ ವಿಮಾನ ಬಂತು. ಬರ್ರಿ ಬರ್ರಿ ಅಂತ ಎಬ್ಬಿಸಿಕೊಂಡು ಹೋದ್ರು. ಮಾತು ಅಲ್ಲೇ ನಿಂತಿತು. ಅದ ನಮಗ ಆದ ತ್ರಾಸು. ಬೇಕಾರ ಅದನ್ನ ಬರಕೊ."

ಸಿದ್ದವ್ವ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಹುಲ್ಲಪ್ಪನಿಗೆ ಮಾತ್ರ ಇದ್ದಕ್ಕಿದ್ದಂತೆ ಕೆಮ್ಮು ಬಂತು.

"ಕಾಕಾ" ಎಂದಳು ಶಹನಾಜ, "ಒಂದ ಮಾತು ಹೇಳತೀನಿ, ಸಿಟ್ಟಿಗೇಳಬ್ಯಾಡ್ರಿ. ಆ ತೊಂದರೆ ಖಾನೆ ಐತಲ್ರಿ, ಅದು ಮನಸಿಗೆ ಬಂದ್ರ ತುಂಬೋದು, ಇಲ್ಲಂದ್ರ ಬಿಡೋದು. ಕಾಯ್ದೆ ಅದನ್ನ ಕೇಳಂಗೇ ಇಲ್ಲ. ವಿಮಾನ ರದ್ದಾತೋ ಇಲ್ಲೋ, ನಿಮಗ ಮೊದಲ ತಿಳಿಸಿದ್ರೋ ಇಲ್ಲೋ, ತಪ್ಪು ಅವರದೋ ಹವಾಮಾನದ್ದೋ, ಬದಲಿ ವಿಮಾನ ಎಷ್ಟೊತ್ತಿಗೆ ಕೊಟ್ರು, ಇಷ್ಟ ಬೇಕು. ಅದೆಲ್ಲಾ ನಮ್ಮ ಕಡೆ ಐತ್ರಿ. ನಿಮ್ಮ ಕೇಸು ಗಟ್ಟಿ ಐತಿ."

"ಅಂದ್ರ... ನಮಗ ಸುಖಾ ಆಗಿದ್ದರೂ ನಡೀತೈತೇನು?"

"ನಡೀತೈತ್ರಿ. ನಿಮಗ ಸಂತೋಷ ಆತಂತ ವಿಮಾನದವರು ಅದಕ್ಕ ಬೇರೆ ಬಿಲ್ಲು ಕಳಸಾಕ ಬರಂಗಿಲ್ಲ." ಶಹನಾಜ ನಕ್ಕಳು. "ಕಾಕೀ, ನಿಮ್ಮ ಒಪ್ಪಿಗಿ ಐತೇನ್ರಿ?"

ಶಿವಲಿಂಗವ್ವ ಗಂಡನನ್ನು ನೋಡಿದಳು. ನಾಲ್ಕು ದಿನದ ಮೇಲೆ ಮೊದಲ ಸಲ ಎಡಗಲ್ಲದಲ್ಲಿ ಗುಳಿ ಬಿತ್ತು.

"ಐತವಾ" ಎಂದಳು.

ಪರಿಹಾರ ಮುಂದೆ ಮಳೆಗಾಲದ ಹೊತ್ತಿಗೆ ಬಂತು, ಕಂಪನಿ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಚೊಕ್ಕವಾಗಿ ಕಳಿಸಿತು. ಆದರೆ ಅದು ಮುಂದಿನ ಮಾತು. ಅವತ್ತು ಪಡಸಾಲೆಯಲ್ಲಿದ್ದವರಿಗೆ ಬಹಳ ನಿರಾಸೆಯಾಯಿತು. ಕಷ್ಟಕ್ಕೆ ಬೆಲೆಯಿಲ್ಲದ ಕಾಯ್ದೆ ಎಂಥ ಕಾಯ್ದೆ ಎಂದು ಮುರ್ತುಜಸಾಬ ಗೊಣಗುತ್ತ ಕೆಟಲಿ ಎತ್ತಿಕೊಂಡು ಹೋದ. ವಿಜಯಮಹಾಂತೇಶ ಫೋನು ಜೇಬಿಗಿಟ್ಟುಕೊಂಡು, "ಕಾಕಾ, ಮೊದಲನೇದ್ದು ಛಲೋ ಇತ್ತು. ಇದು ಅದಕ್ಕೂ ಛಲೋ ಇತ್ತು" ಎಂದು ತಲೆ ತಗ್ಗಿಸಿ ಹೇಳಿ ಹೊರಟ. ಸಿದ್ದವ್ವ ಏನೂ ಹೇಳದೆ, ಹೋಗುವಾಗ ಅಮಾತೆಪ್ಪನ ಚಪ್ಪಲಿಯನ್ನು ಬಿಸಿಲಿನಿಂದ ನೆರಳಿಗೆ ಸರಿಸಿಟ್ಟು ಹೋದಳು.

ಹುಲ್ಲಪ್ಪ ಮಾತ್ರ ಅಂಗಳದಲ್ಲಿ ಸುಳಿದಾಡುತ್ತ ಉಳಿದ. ಅಮಾತೆಪ್ಪನನ್ನು ಮೂಲೆಗೆ ಕರೆದ.

"ಮಾವಾರ, ಆ ಹೊಂಡದ ಮಾತು... ತಂಗಿ ಎಲ್ಲಿತನಕ ಹೇಳ್ಯಾಳ್ರಿ?"

"ಮೆಟ್ಟಲತನಕ."

"ಮೆಟ್ಟಲತನಕ." ಹುಲ್ಲಪ್ಪ ನಿಟ್ಟುಸಿರು ಬಿಟ್ಟ. "ಅಲ್ಲಿಗೇ ಸಾಕು ಬಿಡ್ರಿ. ಮುಂದೇನೂ ಇಲ್ಲ ಅದರಾಗ. ಹಳೇ ಮಾತು." ಎಂದವನೇ ಎಣ್ಣೆಯ ಬಾಟಲಿಯನ್ನು ಅಲ್ಲೇ ಮರೆತು ಬಸ್‌ಸ್ಟ್ಯಾಂಡಿನ ಕಡೆ ದಾಪುಗಾಲು ಹಾಕಿದ.

ಅಮಾತೆಪ್ಪ ಒಳಗೆ ಬಂದ. ಶಿವಲಿಂಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಮೂಲೆಯ ಮಣೆ ಎಳೆದುಕೊಂಡು ಆಕೆಯ ಮಗ್ಗುಲಲ್ಲಿ ಕೂತ. ಮೂವತ್ತೊಂದು ವರ್ಷದಲ್ಲಿ ಉಣ್ಣುವುದಕ್ಕಲ್ಲದೆ ಅವನು ಅಡಿಗೆಮನೆಯಲ್ಲಿ ಕೂತದ್ದು ಆಕೆಗೆ ನೆನಪಿರಲಿಲ್ಲ.

"ತಪ್ಪಾತು" ಎಂದ. ದಾರಿಯುದ್ದಕ್ಕೂ ಜೋಡಿಸಿದ್ದರಲ್ಲಿ ಈ ಮಾತು ಇರಲೇ ಇಲ್ಲ.

ಆಕೆ ರೊಟ್ಟಿಯನ್ನು ಹಂಚಿಗೆ ಹಾಕಿದಳು. ನೀರು ಸವರಿದಳು.

"ಅಣ್ಣ ಹ್ವಾದ್ನೇನ್ರಿ?"

"ಹ್ವಾದ."

"ಖರೇನ ಹ್ವಾದ್ನೋ, ಕಟ್ಟೀ ಮ್ಯಾಲ ಕುಂತಾನೋ ನೋಡ್ರಿ."

ಅಮಾತೆಪ್ಪ ಎದ್ದು ಹೋಗಿ ಓಣಿಯ ಎರಡೂ ಕಡೆ ನೋಡಿ ಬಂದು ಕೂತ. "ಯಾರೂ ಇಲ್ಲ."

"'ನನ್ನ ತಂಗಿ ನೀರಿಗೆ ಬಿದ್ದಿದ್ಲು, ನಾನ ಜಿಗದು ಉಳಿಸಿದ್ನಿ' ಅಂತ ಬೇವೂರ ತುಂಬ ಹೇಳಕೋತ ತಿರಗ್ಯಾನಲ್ಲ ಅವ, ನಲವತ್ತು ವರ್ಷ" ಎಂದಳು ಶಿವಲಿಂಗವ್ವ. ಆಗಲೇ ಆಕೆಯ ಹೊಟ್ಟೆ ಅಲುಗತೊಡಗಿತ್ತು. "ನಾ ಎಲ್ಲಿ ಬಿದ್ದಿದ್ನಿರಿ! ಮೆಟ್ಟಲ ಮ್ಯಾಲ ನಿಂತಿದ್ನಿ. ಜಿಗದಂವ ಅವನ. ಈಜ ಬರಂಗಿಲ್ಲ, ಬರತೈತಂತ ಹೇಳಿ ಜಿಗದ. ಹೊಸಾ ಧೋತರ ಉಟ್ಟಿದ್ದ, ಅದು ಬಿಚ್ಚಿ ನೀರ ಮ್ಯಾಲ ಬಂತು, ಅಣ್ಣ ಬರಲಿಲ್ಲ..."

"ಆಮ್ಯಾಲ?"

"ಆಮ್ಯಾಲ ನಾ ಜಿಗದ್ನಿ. ಎಲ್ಲಿ ಹಿಡೀಬೇಕಂತ ತಿಳೀಲಿಲ್ಲ. ಧೋತರಾನೂ ಇಲ್ಲಲ್ರಿ..." ಎಂದವಳಿಗೆ ಮುಂದೆ ಹೇಳಲಾಗಲಿಲ್ಲ. ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಅಮಾತೆಪ್ಪನೂ ನಕ್ಕ. ಆಕೆ ಕೈಯೆತ್ತಿ, ತಡೀರಿ, ಹೇಳತೇನಿ ಎಂಬಂತೆ ಸನ್ನೆ ಮಾಡಿ, ಮತ್ತೆ ನಕ್ಕಳು.

ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು. ಹೊಗೆ ಬೆಳಕಿಂಡಿಯಿಂದ ಎದ್ದು ಮಗ್ಗುಲ ಮನೆಗೆ ಹೋಯಿತು.

"ರೊಟ್ಟಿ ಹೊತ್ತಾಕತ್ತೈತ್ರ್ಯೋ!" ಎಂದು ಸಿದ್ದವ್ವ ಗೋಡೆಯಾಚೆಯಿಂದ ಕೂಗಿದಳು. ಎರಡು ಸಲ ಕೂಗಿದಳು. ಒಳಗಿನಿಂದ ಬಂದದ್ದು ನಗುವೊಂದೇ.